ಹಳೆಯ ಕೊಳವೆ ಬಾವಿಗೆ ಹೊಂದುವ ಪಂಪ್‌ಸೆಟ್‌ನ ಆಯ್ಕೆ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತ ಬಾಂಧವರಿಗೆ ಮಾಹಿತಿ

ಪೀಠಿಕೆ

ಹಲವು ವರ್ಷಗಳ ಹಿಂದೆ ಕೊರೆಸಿದ ಕೊಳವೆ ಬಾವಿಯಲ್ಲಿ ಪಂಪ್ ಸವೆದು ಅಥವಾ ಮೋಟಾರ್ ಸುಟ್ಟು ಹೊಸದನ್ನು ಇಳಿಸಬೇಕಾದ ಸಂದರ್ಭದಲ್ಲಿ, ಎಷ್ಟು ಎಚ್‌.ಪಿ. ಮತ್ತು ಎಷ್ಟು ಸ್ಟೇಜ್‌ನ ಪಂಪ್‌ಸೆಟ್ ಕೊಳ್ಳಬೇಕೆಂಬುದನ್ನು ರೈತರು ಸಾಮಾನ್ಯವಾಗಿ ಅಂಗಡಿಯವರ ಅಥವಾ ಮೋಟಾರ್ ಎತ್ತುವವರ ಮಾತಿನ ಮೇಲೆ ನಿರ್ಧರಿಸುವುದು ರೂಢಿಯಲ್ಲಿದೆ. ಬಾವಿಯ ಇಂದಿನ ಸ್ಥಿತಿಯನ್ನು ಅಳೆಯದೆ ಮಾಡಿದ ಆಯ್ಕೆಯಿಂದ ಮೋಟಾರ್ ಪದೇ ಪದೇ ಸುಡುವುದು, ನೀರು ಕಡಿದು ಬರುವುದು, ಮಂಜೂರಾದ ವಿದ್ಯುತ್ ಹೊರೆ ಮೀರುವುದು ಹಾಗೂ ಒಬ್ಬರ ಪಂಪ್‌ನಿಂದ ಇಡೀ ಸುತ್ತಿನ ಪರಿವರ್ತಕ ಕೆಡುವುದು ಸಂಭವಿಸುತ್ತದೆ. ಹೆಚ್ಚುವರಿ ಹೊರೆಯ ಮಂಜೂರಾತಿ, ಗಂಗಾ ಕಲ್ಯಾಣ ಯೋಜನೆ ಅಥವಾ ಸೌರ ಪಂಪ್‌ಸೆಟ್‌ಗಾಗಿ ಅರ್ಜಿ ಸಲ್ಲಿಸುವವರು ಅರ್ಜಿಯಲ್ಲಿ ಎಚ್‌.ಪಿ. ನಮೂದಿಸುವ ಮೊದಲು ಈ ಕೆಳಗಿನ ವಿವರಗಳನ್ನು ಓದಿಕೊಳ್ಳುವಂತೆ ಕೋರಲಾಗಿದೆ.

ಈ ಭಾಗದ ನೆಲದ ಸ್ವಭಾವ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ಈ ಪ್ರದೇಶವು ಗಟ್ಟಿ ಕಲ್ಲಿನ ಪ್ರದೇಶವಾಗಿದೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಇಲ್ಲಿನ ಗ್ರಾನೈಟ್ ಶಿಲೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿದೆ. ಇಂತಹ ಕಲ್ಲಿನಲ್ಲಿ ನೀರು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಹಾಗೂ ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಂತಿರುತ್ತದೆ. ಆದಕಾರಣ ಒಂದೇ ಹೊಲದ ಎರಡು ಬಾವಿಗಳಲ್ಲಿ ಇಳುವರಿ ಬೇರೆ ಬೇರೆಯಾಗಿರುತ್ತದೆ. ಪಕ್ಕದ ಹೊಲದವರಿಗೆ ಹೊಂದಿದ ಪಂಪ್ ತಮಗೂ ಹೊಂದುತ್ತದೆ ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಒಂದೇ ಬಾವಿಯ ನೀರಿನ ಮಟ್ಟವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬರಗಾಲದಲ್ಲಿ ಮಟ್ಟ ಇಳಿಯುವುದನ್ನು ಎಲ್ಲರೂ ಬಲ್ಲರು. ಏರುವುದರ ಪರಿಣಾಮವನ್ನು ಗಮನಿಸುವವರು ಕಡಿಮೆ. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜ್‌ನಿಂದ ಚನ್ನಪಟ್ಟಣ ತಾಲ್ಲೂಕಿನ ಕೆರೆಗಳಿಗೆ ನೀರು ತುಂಬಿಸಿದಂತಹ ಸಂದರ್ಭಗಳಲ್ಲಿ ಕೆರೆಯ ಹಿಂದುಮುಂದಿನ ಬಾವಿಗಳಲ್ಲಿ ಮಟ್ಟ ಮೇಲೆ ಬಂದರೆ, ಆಳಕ್ಕೆಂದು ಆರಿಸಿದ್ದ ಹಳೆಯ ಪಂಪ್ ಹೊಂದದೆ ಹೋಗಬಹುದು. ಕಾರಣವನ್ನು ಮುಂದೆ ವಿವರಿಸಲಾಗಿದೆ.

ಮೊದಲು ಅಳೆಯಬೇಕಾದದ್ದು: ಇಳುವರಿ

ಬಾವಿ ಕೊರೆದ ದಿನ ಬಿದ್ದ ನೀರನ್ನು ಇಂದಿನ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ಬೇಸಿಗೆಯಲ್ಲಿ, ಅಂದರೆ ಮಾರ್ಚ್‌ನಿಂದ ಮೇ ತಿಂಗಳೊಳಗೆ, ಪಂಪನ್ನು ಸತತವಾಗಿ ಕನಿಷ್ಠ ಎರಡು ಮೂರು ಗಂಟೆ ನಡೆಸಿ, ಹರಿವು ಒಂದೇ ಸಮನಾದ ಮೇಲೆ 200 ಲೀಟರ್‌ನ ಡ್ರಮ್ ತುಂಬಲು ಹಿಡಿಯುವ ಸಮಯವನ್ನು ನೋಡಬೇಕು. 115 ಸೆಕೆಂಡ್ ಹಿಡಿದರೆ ಹರಿವು ಸೆಕೆಂಡಿಗೆ ಸುಮಾರು 1.74 ಲೀಟರ್ ಆಗುತ್ತದೆ. ಹೊಸ ಪಂಪನ್ನು ಇದರ ಐದರಲ್ಲಿ ನಾಲ್ಕು ಭಾಗಕ್ಕೆ, ಅಂದರೆ ಸೆಕೆಂಡಿಗೆ 1.4 ಲೀಟರ್‌ಗೆ ಆರಿಸುವುದು ಸುರಕ್ಷಿತ. ಬಾವಿ ಕೊಡುವುದಕ್ಕಿಂತ ಹೆಚ್ಚು ಎಳೆಯುವ ಪಂಪ್ ಹೆಚ್ಚು ನೀರು ಕೊಡುವುದಿಲ್ಲ. ಮಟ್ಟವನ್ನು ಕೆಳಗಿಳಿಸಿ ಗಾಳಿ ಎಳೆಯುತ್ತದೆ.

ನಮ್ಮಲ್ಲಿ ನೀರನ್ನು ಇಂಚಿನಲ್ಲಿ ಹೇಳುವ ವಾಡಿಕೆಯಿದೆ. ಇದು ತೊಂಬತ್ತು ಡಿಗ್ರಿ ಕೋನದ ವಿ ಆಕಾರದ ಕಂಡಿಯ ಮೇಲೆ ಹರಿಯುವ ನೀರಿನ ಎತ್ತರವೇ ಹೊರತು ಪೈಪಿನ ಅಳತೆಯಲ್ಲ. ಈ ಕಂಡಿಯಲ್ಲಿ 1 ಇಂಚು ನೀರೆಂದರೆ ಸೆಕೆಂಡಿಗೆ ಸುಮಾರು 0.14 ಲೀಟರ್, 2 ಇಂಚು ಎಂದರೆ 0.8 ಲೀಟರ್, ಎರಡೂವರೆ ಇಂಚು ಎಂದರೆ 1.4 ಲೀಟರ್, 3 ಇಂಚು ಎಂದರೆ 2.2 ಲೀಟರ್, 4 ಇಂಚು ಎಂದರೆ 4.5 ಲೀಟರ್. ಎರಡರಿಂದ ಮೂರಕ್ಕೆ ಹೋದಾಗ ನೀರು ಒಂದೂವರೆ ಪಟ್ಟಲ್ಲ, ಎರಡೂಮುಕ್ಕಾಲು ಪಟ್ಟು ಆಗುತ್ತದೆ. "ಮೂರು ಇಂಚು ಇತ್ತು, ಈಗ ಎರಡಾಗಿದೆ" ಎಂದು ಹಗುರವಾಗಿ ಹೇಳುವ ಬಾವಿಯಲ್ಲಿ ವಾಸ್ತವವಾಗಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರು ಮಾತ್ರ ಉಳಿದಿರುತ್ತದೆ. ಅರ್ಜಿಯಲ್ಲಿ ಇಂಚಿನ ಬದಲು ಲೀಟರ್‌ನಲ್ಲಿ ಬರೆಯುವುದು ಒಳಿತು.

ಎರಡನೆಯದು: ನೀರೆತ್ತುವ ಎತ್ತರ

ಆಯ್ಕೆಯಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ. ಪಂಪ್ ಎತ್ತಬೇಕಾದ ಎತ್ತರವು ಬಾವಿಯ ಒಟ್ಟು ಆಳವೂ ಅಲ್ಲ, ಪಂಪ್ ಇಳಿಸಿದ ಆಳವೂ ಅಲ್ಲ. ಪಂಪ್ ನಡೆಯುತ್ತಿರುವಾಗ ಬಾವಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆಯೋ ಆ ಮಟ್ಟದಿಂದ ಲೆಕ್ಕ ಆರಂಭವಾಗುತ್ತದೆ. ಪಂಪ್ ನೀರಿನೊಳಗೆ ಎಷ್ಟು ಕೆಳಗಿದ್ದರೂ ಮೇಲಿನ ನೀರಿನ ಒತ್ತಡವೇ ಅಷ್ಟು ಎತ್ತರವನ್ನು ಭರಿಸುತ್ತದೆ. ಈ ಮಟ್ಟಕ್ಕೆ ತೊಟ್ಟಿಯ ಅಥವಾ ಹೊಲದ ಏರು, ಪೈಪುಗಳಲ್ಲಿನ ಘರ್ಷಣೆ, ಹನಿ ನೀರಾವರಿಗೆ ನೇರವಾಗಿ ಜೋಡಿಸುವುದಾದರೆ ಅದಕ್ಕೆ ಬೇಕಾದ ಒತ್ತಡ, ಇವುಗಳನ್ನು ಕೂಡಿಸಬೇಕು. ಪ್ರತಿ ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡವು 10 ಮೀಟರ್ ಎತ್ತರಕ್ಕೆ ಸಮ.

ನಡೆಯುವ ಮಟ್ಟವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಪಂಪ್ ಇಳಿಸುವಾಗಲೇ ಪೈಪಿನ ಜೊತೆಗೆ ಸಣ್ಣ ಪ್ಲಾಸ್ಟಿಕ್ ನಳಿಕೆಯೊಂದನ್ನು ಕಟ್ಟಿ ಇಳಿಸಿ, ಅದರ ಉದ್ದವನ್ನು ಬರೆದಿಟ್ಟುಕೊಳ್ಳಬೇಕು. ಮೇಲಿನ ತುದಿಗೆ ಒತ್ತಡ ಮಾಪಕ ಮತ್ತು ವಾಹನಕ್ಕೆ ಗಾಳಿ ಹೊಡೆಯುವ ಪಂಪ್ ಜೋಡಿಸಿ, ಮುಳ್ಳು ಏರುವುದು ನಿಲ್ಲುವವರೆಗೆ ಗಾಳಿ ತುಂಬಬೇಕು. ನಳಿಕೆ 500 ಅಡಿ, ಅಂದರೆ 152 ಮೀಟರ್ ಇದ್ದು ಮಾಪಕ 3 ಕೆ.ಜಿ. ತೋರಿಸಿದರೆ, ನಳಿಕೆಯ ತುದಿಯ ಮೇಲೆ 30 ಮೀಟರ್ ನೀರಿದೆ ಎಂದರ್ಥ; ನೀರಿನ ಮಟ್ಟ ನೆಲದಿಂದ 122 ಮೀಟರ್ ಕೆಳಗಿದೆ. ನಳಿಕೆಗೆ ತಗಲುವ ವೆಚ್ಚ ಒಂದು ಸಲ ಮೋಟಾರ್ ಎತ್ತಿಸುವ ಕೂಲಿಯ ಮುಂದೆ ಏನೂ ಅಲ್ಲ. ಆದರೂ ಇದನ್ನು ಅಳವಡಿಸಿರುವ ಬಾವಿಗಳು ವಿರಳ.

ಒಂದು ಲೆಕ್ಕ

ಉದಾಹರಣೆಗೆ, 900 ಅಡಿ ಆಳದ ಬಾವಿಯಲ್ಲಿ ಪಂಪನ್ನು 600 ಅಡಿಗೆ ಇಳಿಸಲಾಗಿದ್ದು, ಸೆಕೆಂಡಿಗೆ 1.4 ಲೀಟರ್ ಎಳೆಯುವಾಗ ನೀರು 450 ಅಡಿಯಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. 450 ಅಡಿ ಎಂದರೆ 137 ಮೀಟರ್. ತೊಟ್ಟಿಯ ಏರು 4 ಮೀಟರ್. ಬಾವಿಯೊಳಗಿನ 2 ಇಂಚಿನ ಪೈಪಿನ ಘರ್ಷಣೆಗೆ 5 ಮೀಟರ್. ಹೊಲದ ಪೈಪ್‌ಲೈನ್ ಮತ್ತು ಬೆಂಡುಗಳಿಗೆ 2 ಮೀಟರ್. ಒಟ್ಟು 148 ಮೀಟರ್.

ಸೆಕೆಂಡಿಗೆ ಹರಿಯುವ ಲೀಟರ್‌ಗಳನ್ನು ಮೀಟರ್‌ಗಳಿಂದ ಗುಣಿಸಿ, ಮತ್ತೆ 9.81ರಿಂದ ಗುಣಿಸಿ, 1000ದಿಂದ ಭಾಗಿಸಿದರೆ ನೀರಿಗೆ ಬೇಕಾದ ಶಕ್ತಿ ಕಿಲೋವ್ಯಾಟ್‌ನಲ್ಲಿ ದೊರೆಯುತ್ತದೆ. ಇಲ್ಲಿ ಅದು 2.03 ಕಿಲೋವ್ಯಾಟ್. ಪಂಪಿನ ದಕ್ಷತೆಯನ್ನು ಶೇ. 50 ಎಂದು ಹಿಡಿದರೆ ಮೋಟಾರ್ ಕೊಡಬೇಕಾದದ್ದು 4.07 ಕಿಲೋವ್ಯಾಟ್, ಅಂದರೆ ಸುಮಾರು ಐದೂವರೆ ಎಚ್‌.ಪಿ. ಶೇ. 10ರಿಂದ 15ರಷ್ಟು ಮೀಸಲು ಸೇರಿಸಿದರೆ 6 ಎಚ್‌.ಪಿ. ಮೀರುವುದರಿಂದ 7.5 ಎಚ್‌.ಪಿ. ಮೋಟಾರ್ ಸೂಕ್ತವಾಗುತ್ತದೆ.

ಇದೇ ಬಾವಿಗೆ ಒಟ್ಟು ಆಳವಾದ 900 ಅಡಿಯನ್ನೇ ಎತ್ತರವೆಂದು ಹಿಡಿದರೆ ಲೆಕ್ಕ ಸುಮಾರು 287 ಮೀಟರ್‌ಗೆ ಹೋಗಿ, ಬೇಕಾದ ಶಕ್ತಿ ಹತ್ತೂವರೆ ಎಚ್‌.ಪಿ. ದಾಟುತ್ತದೆ, ಕೊಳ್ಳುವುದು 12.5 ಎಚ್‌.ಪಿ. ಪಂಪ್‌ಸೆಟ್ ಆಗುತ್ತದೆ. ಇದರ ಪರಿಣಾಮ ಪಂಪಿನ ಬೆಲೆಗೆ ಸೀಮಿತವಲ್ಲ. ರಾಜ್ಯದಲ್ಲಿ 10 ಎಚ್‌.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳ ವಿದ್ಯುತ್ ಶುಲ್ಕವನ್ನು ಸರ್ಕಾರವು ಭರಿಸುತ್ತಿದ್ದು, ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಪಂಪ್‌ಸೆಟ್‌ಗಳಿಗೆ ರೈತರೇ ಶುಲ್ಕ ಪಾವತಿಸಬೇಕಾಗುತ್ತದೆ. ಅಳತೆಯೊಂದನ್ನು ಬಿಟ್ಟ ಕಾರಣಕ್ಕೆ ಕುಟುಂಬವೊಂದು ಆ ಸೌಲಭ್ಯದಿಂದ ಹೊರಗುಳಿಯಬಾರದು.

ಮೋಟಾರ್ ಹಳೆಯದು, ಪಂಪ್ ಹೊಸದು

ಸಬ್‌ಮರ್ಸಿಬಲ್ ಪಂಪ್‌ಸೆಟ್‌ನಲ್ಲಿ ಕೆಳಗೆ ಮೋಟಾರ್, ಮೇಲೆ ಒಂದರ ಮೇಲೊಂದು ಜೋಡಿಸಿದ ಇಂಪೆಲರ್‌ಗಳು ಇರುತ್ತವೆ. ಒಂದೊಂದು ಜೋಡಣೆಗೆ ಸ್ಟೇಜ್ ಎನ್ನುತ್ತಾರೆ. ಮರಳು ಮತ್ತು ಹೂಳಿನಿಂದ ಇಂಪೆಲರ್‌ಗಳು ಸವೆದು, ಮೋಟಾರ್ ಮಾತ್ರ ಚೆನ್ನಾಗಿದ್ದಾಗ ಪಂಪನ್ನಷ್ಟೇ ಬದಲಿಸುವುದುಂಟು. ಆಗ ಎಷ್ಟು ಸ್ಟೇಜ್ ಎಂಬುದೇ ಮುಖ್ಯ ಪ್ರಶ್ನೆ.

20 ಸ್ಟೇಜ್‌ನ ಪಂಪ್ ಸೆಕೆಂಡಿಗೆ 1.4 ಲೀಟರ್ ಹರಿವಿನಲ್ಲಿ 200 ಮೀಟರ್ ಎತ್ತುವುದಾದರೆ ಸ್ಟೇಜ್ ಒಂದಕ್ಕೆ 10 ಮೀಟರ್ ಆಯಿತು. ಮೇಲಿನ ಬಾವಿಗೆ ಅದೇ ಮಾದರಿಯ 15 ಸ್ಟೇಜ್ ಸಾಕು. 20 ಸ್ಟೇಜ್ ಹಾಕಿದರೆ ಶಕ್ತಿಯ ಬೇಡಿಕೆ 7.4 ಎಚ್‌.ಪಿ.ಗೆ ಹೋಗಿ 7.5 ಎಚ್‌.ಪಿ. ಮೋಟಾರ್‌ನ ಅಂಚಿಗೆ ಬರುತ್ತದೆ. "ಇರಲಿ, ಮುಂದೆ ನೀರು ಇಳಿದರೆ ಬೇಕಾಗುತ್ತದೆ" ಎಂದು 25 ಸ್ಟೇಜ್ ಕೂಡಿಸಿದರೆ ಬೇಡಿಕೆ 9.2 ಎಚ್‌.ಪಿ. ಆಗಿ ಮೋಟಾರ್ ಸುಡುವುದು ನಿಶ್ಚಿತ.

ಎತ್ತರ ಕಡಿಮೆ ಇದ್ದರೆ ಮೋಟಾರ್‌ಗೆ ಹಗುರವಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ರೇಡಿಯಲ್ ಮಾದರಿಯ ಪಂಪ್‌ಗಳಲ್ಲಿ ಹಾಗಾಗುವುದಿಲ್ಲ. ನೀರಿನ ಮಟ್ಟ ಮೇಲೆ ಬಂದಾಗ ಪಂಪ್ ಹೆಚ್ಚು ನೀರು ತಳ್ಳುತ್ತದೆ. ಹರಿವು ಹೆಚ್ಚಿದಂತೆ ಮೋಟಾರ್ ಎಳೆಯುವ ಕರೆಂಟ್ ಹೆಚ್ಚುತ್ತದೆ. ಕೆರೆ ತುಂಬಿದ ವರ್ಷ ಚೆನ್ನಾಗಿ ನೀರು ಬರುತ್ತಿದ್ದಾಗಲೇ ಮೋಟಾರ್ ಸುಟ್ಟಿತೆಂಬ ದೂರಿಗೆ ಇದು ಒಂದು ಕಾರಣವಾಗಿರಬಹುದು. ಅಂತಹ ಸಂದರ್ಭದಲ್ಲಿ ಗೇಟ್‌ವಾಲ್ವನ್ನು ಸ್ವಲ್ಪ ತಿರುಗಿಸಿ ಹರಿವನ್ನು ತಡೆದು, ಕರೆಂಟನ್ನು ನಾಮಫಲಕದ ಮಿತಿಯೊಳಗೆ ತರುವುದು ತಾತ್ಕಾಲಿಕ ಪರಿಹಾರ. ಶಾಶ್ವತ ಪರಿಹಾರ ಸ್ಟೇಜ್ ಕಡಿಮೆ ಮಾಡುವುದು.

ಮಲ್ಪೆ, ಮಂಗಳೂರು ಕಡೆಯ ಮೀನುಗಾರಿಕೆ ದೋಣಿಗಳಲ್ಲಿ ಹಳೆಯ ಎಂಜಿನ್‌ಗೆ ಅದರ ಶಕ್ತಿ ಮೀರಿದ ಪ್ರೊಪೆಲರ್ ತೊಡಿಸಿದರೆ ಎದುರಾಗುವ ತೊಂದರೆಯೂ ಇದೇ ಜಾತಿಯದು. ಒಂದು ವ್ಯತ್ಯಾಸವಿದೆ. ಡೀಸೆಲ್ ಎಂಜಿನ್ ಪೂರ್ಣ ವೇಗ ಮುಟ್ಟದೆ, ಕಪ್ಪು ಹೊಗೆ ಕಾರಿ ತನ್ನ ಕಷ್ಟವನ್ನು ತೋರಿಸಿಕೊಳ್ಳುತ್ತದೆ. ವಿದ್ಯುತ್ ಮೋಟಾರ್ ತೋರಿಸಿಕೊಳ್ಳುವುದಿಲ್ಲ. ಹೊರೆ ಹೆಚ್ಚಾದರೂ ಅದು ಬಹುತೇಕ ಅದೇ ವೇಗದಲ್ಲಿ ತಿರುಗುತ್ತಾ ಹೆಚ್ಚು ಕರೆಂಟ್ ಎಳೆದು, ನೂರಾರು ಅಡಿ ಕೆಳಗೆ ಕಣ್ಣಿಗೆ ಕಾಣದಂತೆ ಬಿಸಿಯಾಗುತ್ತದೆ. ಆದುದರಿಂದ ಹೊಸ ಪಂಪ್ ಇಳಿಸಿದ ದಿನವೇ ಮೂರೂ ಫೇಸ್‌ಗಳಲ್ಲಿ ಟಾಂಗ್ ಟೆಸ್ಟರ್‌ನಿಂದ ಕರೆಂಟ್ ಅಳೆಸಿ, ನಾಮಫಲಕದಲ್ಲಿ ನಮೂದಿಸಿರುವ ಗರಿಷ್ಠ ಕರೆಂಟ್‌ಗೆ ಹೋಲಿಸಿ ನೋಡತಕ್ಕದ್ದು. ಅಳೆಯದೆ ಕೂಲಿಯ ಪೂರ್ತಿ ಹಣ ಕೊಡದಿರುವುದು ಜಾಣತನ.

ಹಲವು ಬಾರಿ ವೈಂಡಿಂಗ್ ಮಾಡಿಸಿದ ಮೋಟಾರ್‌ನಲ್ಲಿ ದಕ್ಷತೆ ಕುಂದಿರುವ ಸಾಧ್ಯತೆ ಹೆಚ್ಚು. ಅದನ್ನು ನಾಮಫಲಕದ ಪೂರ್ಣ ಎಚ್‌.ಪಿ.ಗೆ ದುಡಿಸಲಾಗದು. ಮೂರನೆಯ ಸಲ ಸುಟ್ಟ ಮೋಟಾರ್‌ಗೆ ಹೊಸ ಪಂಪ್ ಜೋಡಿಸುವುದಕ್ಕಿಂತ ಇಡೀ ಪಂಪ್‌ಸೆಟ್ಟನ್ನೇ ಬದಲಿಸುವುದು ಲೇಸು.

ಕೊಳ್ಳುವಾಗ ಗಮನಿಸಬೇಕಾದದ್ದು

ಐ.ಎಸ್.ಐ. ಗುರುತಿರುವ ಪಂಪ್‌ಸೆಟ್‌ನ್ನೇ ಕೊಳ್ಳಬೇಕು. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ ಐ.ಎಸ್. 8034, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ ಐ.ಎಸ್. 14220, ಮೇಲ್ಭಾಗದಲ್ಲಿ ಕೂರಿಸುವ ಮಾನೋಬ್ಲಾಕ್‌ಗೆ ಐ.ಎಸ್. 9079 ಸಂಖ್ಯೆಯ ಮಾನಕಗಳಿವೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಗುರುತಿದ್ದಲ್ಲಿ ಹೆಚ್ಚು ನಕ್ಷತ್ರಗಳಿರುವುದನ್ನು ಆರಿಸಬಹುದು. ಆದರೆ ಬಾವಿಗೆ ಹೊಂದದ ಐದು ನಕ್ಷತ್ರದ ಪಂಪಿಗಿಂತ ಹೊಂದುವ ಮೂರು ನಕ್ಷತ್ರದ್ದು ಉತ್ತಮ. ನಾಮಫಲಕದಲ್ಲಿ ಎತ್ತರದ ವ್ಯಾಪ್ತಿ ಇರುತ್ತದೆ. ತಮ್ಮ ಲೆಕ್ಕದ ಎತ್ತರವು ಆ ವ್ಯಾಪ್ತಿಯ ನಡುವೆ ಬರಬೇಕು, ತುದಿಯಲ್ಲಿ ಅಲ್ಲ.

ಬಾವಿಯೊಳಗಿನ ಪೈಪಿನಲ್ಲಿ ಉಳಿತಾಯ ಮಾಡಲು ಹೋಗುವುದು ನಷ್ಟಕ್ಕೆ ದಾರಿ. ಮೇಲಿನ ಹರಿವಿಗೆ 2 ಇಂಚಿನ ಪೈಪಿನಲ್ಲಿ ಪ್ರತಿ 100 ಮೀಟರ್‌ಗೆ ಸುಮಾರು 2 ಮೀಟರ್ ಎತ್ತರ ಘರ್ಷಣೆಗೆ ಹೋಗುತ್ತದೆ. ಒಳವ್ಯಾಸ 35 ಮಿ.ಮೀ. ಇರುವ ಪೈಪಿನಲ್ಲಿ ಅದು 11 ಮೀಟರ್ ಆಗುತ್ತದೆ. ಉದ್ದದ ಕೇಬಲ್ ತೆಳುವಾಗಿದ್ದರೂ ಹೀಗೆಯೇ ವೋಲ್ಟೇಜ್ ದಾರಿಯಲ್ಲಿ ಸೋರುತ್ತದೆ. ಕೆಪಾಸಿಟರ್ ಅಳವಡಿಸುವುದು ಅವಶ್ಯ, 5 ಎಚ್‌.ಪಿ.ಗೆ ಸಾಮಾನ್ಯವಾಗಿ 2 ಕೆ.ವಿ.ಎ.ಆರ್. ಬಳಸುತ್ತಾರೆ. ನೀರು ಕಡಿದಾಗ ತಾನೇ ನಿಲ್ಲಿಸುವ ಸಾಧನವನ್ನೂ ಹಾಕಿಸಬೇಕು, ಏಕೆಂದರೆ ಈ ಮೋಟಾರ್‌ಗಳು ಸುತ್ತಲಿನ ನೀರಿನಿಂದಲೇ ತಂಪಾಗುತ್ತವೆ.

ಸೆಕೆಂಡಿಗೆ 1 ಲೀಟರ್‌ಗಿಂತ ಕಡಿಮೆ ನೀರಿರುವ ಬಾವಿಯಿಂದ ಹಿಪ್ಪುನೇರಳೆ ಅಥವಾ ಬಾಳೆ ತೋಟದ ಹನಿ ನೀರಾವರಿಗೆ ನೇರವಾಗಿ ಒತ್ತಡ ಕೊಡುವ ಪ್ರಯತ್ನ ಫಲಿಸುವುದು ಕಷ್ಟ. ಸಣ್ಣ ಪಂಪ್‌ನಿಂದ ನಿಧಾನವಾಗಿ ತೊಟ್ಟಿ ಅಥವಾ ಕೃಷಿ ಹೊಂಡ ತುಂಬಿಸಿ, ಅಲ್ಲಿಂದ ಬೇರೊಂದು ಸಣ್ಣ ಮಾನೋಬ್ಲಾಕ್‌ನಿಂದ ಹಾಯಿಸುವುದು ಕಾರ್ಯಸಾಧ್ಯ. ಮಾನೋಬ್ಲಾಕ್‌ಗಳು ಕೆಳಗಿನಿಂದ ಸುಮಾರು 6 ಮೀಟರ್‌ಗಿಂತ ಹೆಚ್ಚು ಹೀರಲಾರವು ಎಂಬುದು ನೆನಪಿರಲಿ. ಎರಡನೆಯ ಮೋಟಾರ್‌ಗೂ ಹೊರೆ ಮಂಜೂರಾತಿ ಅಗತ್ಯ.

ಮಂಜೂರಾದ ಹೊರೆ ಮತ್ತು ಪರಿವರ್ತಕ

5 ಎಚ್‌.ಪಿ.ಗೆ ಮಂಜೂರಾತಿ ಪಡೆದು 7.5 ಅಥವಾ 10 ಎಚ್‌.ಪಿ. ಇಳಿಸುವುದು ಅನಧಿಕೃತ ಹೊರೆಯಾಗುತ್ತದೆ. ಪರಿವರ್ತಕವನ್ನು ದಾಖಲೆಯಲ್ಲಿರುವ ಹೊರೆಯ ಆಧಾರದ ಮೇಲೆ ಹಾಕಿರುತ್ತಾರೆ. ಹತ್ತು ಮಂದಿಯಲ್ಲಿ ನಾಲ್ವರು ಹೀಗೆ ಹೆಚ್ಚಿಸಿಕೊಂಡರೆ ಮೊದಲು ವೋಲ್ಟೇಜ್ ಕುಸಿಯುತ್ತದೆ, ಆಮೇಲೆ ಪರಿವರ್ತಕ ಸುಡುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಕೆಟ್ಟ ಪರಿವರ್ತಕವನ್ನು 72 ಗಂಟೆಗಳೊಳಗೆ ಬದಲಿಸಬೇಕೆಂಬ ನಿಯಮವಿದ್ದರೂ, ಹುಳು ನಾಲ್ಕನೇ ಜ್ವರ ದಾಟಿ ಸೊಪ್ಪು ಬೇಡುವ ದಿನಗಳಲ್ಲಿ ತೋಟಕ್ಕೆ ಮೂರು ದಿನದ ನೀರು ತಪ್ಪುವುದು ಸಣ್ಣ ಮಾತಲ್ಲ. ವಿದ್ಯುತ್ ಬಂದ ಕ್ಷಣಕ್ಕೆ ಮೋಟಾರ್ ತಾನೇ ಚಾಲೂ ಆಗುವ ಆಟೋ ಸ್ವಿಚ್‌ಗಳಿಂದಲೂ ಎಲ್ಲ ಮೋಟಾರ್‌ಗಳು ಏಕಕಾಲಕ್ಕೆ ಎಳೆದು ಇದೇ ಹಾನಿ ಉಂಟಾಗುತ್ತದೆ. ಸಿಂಗಲ್ ಫೇಸ್‌ನಲ್ಲಿ ಕಂಡೆನ್ಸರ್ ಕಟ್ಟಿ ತ್ರೀ ಫೇಸ್ ಮೋಟಾರ್ ನಡೆಸುವುದನ್ನು ಕಡ್ಡಾಯವಾಗಿ ಬಿಡತಕ್ಕದ್ದು.

ಹೆಚ್ಚಿನ ಎಚ್‌.ಪಿ. ಅನಿವಾರ್ಯವಾದಲ್ಲಿ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಆರ್.ಆರ್. ಸಂಖ್ಯೆ, ಇತ್ತೀಚಿನ ಪಹಣಿ, ಆಧಾರ್ ಪ್ರತಿ, ಪಂಪ್‌ಸೆಟ್ ಖರೀದಿ ರಸೀದಿ ಹಾಗೂ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ವರದಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ಆರ್.ಆರ್. ಸಂಖ್ಯೆ ಇನ್ನೂ ತಂದೆಯವರ ಅಥವಾ ತಾತನವರ ಹೆಸರಿನಲ್ಲಿಯೇ ಇದ್ದರೆ ಹೆಸರು ಬದಲಾವಣೆಯನ್ನು ಮೊದಲು ಮಾಡಿಸಿಕೊಳ್ಳುವುದರಿಂದ ವಿಳಂಬ ತಪ್ಪುತ್ತದೆ.

ಸೌರ ಪಂಪ್‌ಸೆಟ್ ಆಯ್ಕೆ ಮಾಡುವವರಿಗೆ

ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ, 2014ರಲ್ಲಿ ಪ್ರಕಟವಾದ ಸೂರ್ಯ ರೈತ ಯೋಜನೆಯಡಿ ಸುಮಾರು 300 ರೈತರ ಹಳೆಯ ಪಂಪ್‌ಸೆಟ್‌ಗಳ ಬದಲಿಗೆ ಸೌರ ಪಂಪ್‌ಸೆಟ್‌ಗಳನ್ನು ಅಳವಡಿಸಿ, ಮಿಕ್ಕ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ನೀಡುವ ವ್ಯವಸ್ಥೆ ಮಾಡಲಾಯಿತು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿ.ಎಂ. ಕುಸುಮ್ ಯೋಜನೆಯ ಬಿ ಘಟಕದಲ್ಲಿ ಜಾಲಕ್ಕೆ ಜೋಡಿಸದ ಸೌರ ಪಂಪ್‌ಸೆಟ್‌ಗಳಿಗೆ ಕೇಂದ್ರ ಮತ್ತು ರಾಜ್ಯದ ಸಹಾಯಧನವಿದೆ.

ಬಿಸಿಲು ಕಡಿಮೆಯಿರುವಾಗ ಸೌರ ಪಂಪಿನ ವೇಗ ಇಳಿಯುತ್ತದೆ. ಪಂಪ್ ಎತ್ತುವ ಎತ್ತರವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪೂರ್ಣ ವೇಗದಲ್ಲಿ ಗರಿಷ್ಠ 200 ಮೀಟರ್ ಎತ್ತಬಲ್ಲ ಪಂಪ್ ಶೇ. 80ರ ವೇಗದಲ್ಲಿ 128 ಮೀಟರ್ ಮಾತ್ರ ಎತ್ತೀತು. 148 ಮೀಟರ್ ಬೇಕಾದ ಬಾವಿಯಲ್ಲಿ ಆ ಹೊತ್ತಿಗೆ ಮೋಟಾರ್ ತಿರುಗುತ್ತಿದ್ದರೂ ಹನಿ ನೀರೂ ಮೇಲೆ ಬರುವುದಿಲ್ಲ. ಆಳದ ಬಾವಿಯವರು ದಿನಕ್ಕೆ ದೊರೆಯುವ ಒಟ್ಟು ಲೀಟರ್‌ಗಳನ್ನು ಸರಬರಾಜುದಾರರಿಂದ ಬರವಣಿಗೆಯಲ್ಲಿ ಪಡೆಯುವುದು ಸೂಕ್ತ.

ಮೋಟಾರ್ ಎತ್ತಿದ ದಿನ

ಪಂಪನ್ನು ದುರಸ್ತಿಗೆಂದು ಮೇಲೆತ್ತಿದಾಗ ಕೊಳವೆ ಬಾವಿಯ ಬಾಯಿಯನ್ನು ಒಂದು ಗಳಿಗೆಯೂ ತೆರೆದಿಡಬಾರದು. ಮಕ್ಕಳು ಬಿದ್ದು ಮೃತಪಟ್ಟ ಪ್ರಕರಣಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿರುವ ನಿರ್ದೇಶನಗಳಲ್ಲಿ ಈ ಅಂಶವೂ ಸೇರಿದೆ. ಕೇಸಿಂಗ್ ಪೈಪಿನ ಮೇಲೆ ಗೋಣಿಚೀಲ ಅಥವಾ ಚಪ್ಪಡಿ ಮುಚ್ಚಿದರೆ ಸಾಲದು; ಬೋಲ್ಟ್ ಹಾಕಿದ ಅಥವಾ ಬೆಸುಗೆ ಹಾಕಿದ ಉಕ್ಕಿನ ಮುಚ್ಚಳವೇ ಆಗಬೇಕು. ನೀರಿಲ್ಲವೆಂದು ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸತಕ್ಕದ್ದು. ಅದರ ಬದಲಿಗೆ ಹೊಸ ಬಾವಿ ಕೊರೆಸುವವರು, ಅಧಿಸೂಚಿತ ಪ್ರದೇಶಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಂತೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ.

ಸಂಪರ್ಕ

ವಿದ್ಯುತ್ ಸಂಬಂಧಿತ ದೂರುಗಳಿಗೆ ಬೆಸ್ಕಾಂ ಸಹಾಯವಾಣಿ 1912. ಬೆಳೆಯ ನೀರಿನ ಅಗತ್ಯ ಕುರಿತ ಸಲಹೆಗೆ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಗಂಗಾ ಕಲ್ಯಾಣ ಯೋಜನೆಗೆ ಸಂಬಂಧಪಟ್ಟ ಅಭಿವೃದ್ಧಿ ನಿಗಮಗಳ ಜಿಲ್ಲಾ ಕಚೇರಿಗಳಲ್ಲಿ ವಿಚಾರಿಸುವುದು. ಕಚೇರಿಗೆ ಬರುವಾಗ ಬಾವಿಯ ಆಳ, ಬೇಸಿಗೆಯ ಇಳುವರಿ, ಪಂಪ್ ನಡೆಯುವಾಗಿನ ನೀರಿನ ಮಟ್ಟ, ಈಗಿರುವ ಪಂಪಿನ ನಾಮಫಲಕದ ವಿವರ ಮತ್ತು ಆರ್.ಆರ್. ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ತರತಕ್ಕದ್ದು.